ಪಿತ್ತಕೋಶದ ಲೋಳೆಗೆ ಯಾವ ಸ್ಟೈನ್ ಹಾಕಿಸೋದು?

ನಮ್ಮ ಪೆಥಾಲಜಿ ಲ್ಯಾಬಿಗೆ ಹೊಸ ಪಿಜಿಗಳು (ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು) ಬಂದ ಮೂರನೇ ವಾರಕ್ಕೆ ಯಾರಾದರೂ ಒಬ್ಬರು ಬಂದು ಕೇಳುತ್ತಾರೆ: "ಮೇಡಂ, ಪಿತ್ತಕೋಶದ ಮ್ಯೂಸಿನ್ ನೋಡ್ಬೇಕು, ಯಾವ ಸ್ಟೈನ್ ಬರೆಯಲಿ?" ನಾನು ತಿರುಗಿ ಕೇಳುತ್ತೇನೆ: "ಮ್ಯೂಸಿನ್ ಇದೆಯೋ ಇಲ್ಲವೋ ಅಂತ ನೋಡ್ಬೇಕಾ, ಯಾವ ಥರದ್ದು ಅಂತ ನೋಡ್ಬೇಕಾ, ಯಾವ ಜೀನಿನಿಂದ ಬಂದದ್ದು ಅಂತ ನೋಡ್ಬೇಕಾ?" ಅಲ್ಲಿಗೆ ಮಾತು ನಿಲ್ಲುತ್ತದೆ. ಮ್ಯೂಸಿನ್ ಅಂದರೆ ಲೋಳೆಯ ಮುಖ್ಯ ಸಾಮಾನು, ಸ್ಟೈನ್ ಅಂದರೆ ಅದು ಸ್ಲೈಡಿನಲ್ಲಿ ಕಾಣುವಂತೆ ಹಾಕುವ ಬಣ್ಣ. ಮೂರು ಪ್ರಶ್ನೆಗೂ ಸ್ಟೈನ್ ಬೇರೆ, ಖರ್ಚು ಬೇರೆ, ಕಾಯುವ ಹೊತ್ತು ಬೇರೆ. ಪ್ರಶ್ನೆ ಗೊತ್ತಿಲ್ಲದೆ ಐದು ಸ್ಟೈನ್ ಬರೆದುಕೊಟ್ಟರೆ ಟೆಕ್ನಿಷಿಯನ್ ಬೈದುಕೊಳ್ಳುತ್ತಾರೆ, ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಅಂಗಾಂಶದ ತುಂಡು) ಸುಮ್ನೆ ಸವೆಯುತ್ತದೆ.

ಲ್ಯಾಬಿನಲ್ಲಿ ಬಾಯಿಮಾತಿನಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು, ನೋಡಲು ಹೊರಟಿದ್ದು ಏನನ್ನು

ಪಿತ್ತಕೋಶ ಸಣ್ಣ ಚೀಲ. ಹಿಡಿಯುವುದು 30ರಿಂದ 50 ಮಿಲಿ. ಒಳಗೋಡೆಯ ಉದ್ದಕ್ಕೂ ಒಂದೇ ಸಾಲಿನ ಎತ್ತರದ ಜೀವಕೋಶಗಳು. ಪಿತ್ತದ ನೀರು ಹೀರಿ ಅದನ್ನು ಗಟ್ಟಿ ಮಾಡುವುದೂ ಇವೇ, ಲೋಳೆ ಸುರಿಸುವುದೂ ಇವೇ. ಕರುಳಿನಲ್ಲಿ ಕಾಣುವ ಹೊಟ್ಟೆ ಉಬ್ಬಿದ ಗಾಬ್ಲೆಟ್ ಜೀವಕೋಶ ಆರೋಗ್ಯವಂತ ಪಿತ್ತಕೋಶದಲ್ಲಿ ಇರುವುದಿಲ್ಲ. ಲೋಳೆ ಇರುವುದು ಜೀವಕೋಶದ ನೆತ್ತಿಯಲ್ಲಿ, ತೆಳುವಾಗಿ, ಸಣ್ಣ ಸಣ್ಣ ಕಣಗಳಾಗಿ. ಲೋಳೆಗ್ರಂಥಿಗಳು ಇರುವುದು ಕುತ್ತಿಗೆಯ ಭಾಗದಲ್ಲಿ ಮಾತ್ರ. ಈ "ಕುತ್ತಿಗೆಯಲ್ಲಿ ಮಾತ್ರ" ಅನ್ನೋದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಇದೇ ನಮ್ಮನ್ನು ಕಾಡುತ್ತದೆ.

ಲೋಳೆಯ ಗ್ಲೈಕೋಪ್ರೋಟೀನ್ (ಸಕ್ಕರೆ ಅಂಟಿದ ಪ್ರೋಟೀನು) ಅಂದರೆ ಮ್ಯೂಸಿನ್. ನವಣೆ ತೆನೆ ನೋಡಿದ್ದೀರಲ್ಲ? ನಡುವೆ ಒಂದು ಕಡ್ಡಿ, ಸುತ್ತ ಒತ್ತಾಗಿ ಕಾಳು. ಮ್ಯೂಸಿನ್ ಹಾಗೆಯೇ. ಕಡ್ಡಿ ಪ್ರೋಟೀನು, ಕಾಳು ಸಕ್ಕರೆಯ ಸರಗಳು. ಪ್ರೋಟೀನಿನ ಸೆರೀನ್, ಥ್ರಿಯೋನೀನ್ ಎಂಬ ಅಮೈನೋ ಆಮ್ಲಗಳಿಗೆ ಮೊದಲು ಅಂಟುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆ. ಅದರ ಮೇಲೆ ಉಳಿದವು ಕೂರುತ್ತವೆ. ತೂಕ ಹಾಕಿದರೆ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಕಾಳಿನದೇ. ಸರದಲ್ಲಿ ಸಯಾಲಿಕ್ ಆಮ್ಲ ಇದ್ದರೆ ಅದು ಸಯಲೋಮ್ಯೂಸಿನ್. ಸಲ್ಫೇಟ್ ಇದ್ದರೆ ಸಲ್ಫೋಮ್ಯೂಸಿನ್. ಇವೆರಡೂ ಆಮ್ಲದ ಜಾತಿ. ಎರಡೂ ಇಲ್ಲದಿದ್ದರೆ ನ್ಯೂಟ್ರಲ್.

ಸ್ಟೈನ್‌ಗಳ ಹೋಲಿಕೆಯೆಲ್ಲ ಈ ತೆನೆಯ ಮೇಲೇ ನಿಂತಿದೆ. ಕೆಲವು ಸ್ಟೈನ್ ಕಾಳನ್ನು ನೋಡುತ್ತವೆ, ಕೆಲವು ಕಾಳಿನ ಜಾತಿ ಕೇಳುತ್ತವೆ, ಕೆಲವು ಕಡ್ಡಿಯನ್ನು ಹುಡುಕುತ್ತವೆ.

ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಪಿತ್ತಕೋಶದ ಕಲ್ಲಿಗಾಗಿ. 1981ರಲ್ಲಿ ಲೀ, ಕ್ಯಾರಿ, ಲಮಾಂಟ್ ಅವರು ಪ್ರೇರಿ ಡಾಗ್ ಎಂಬ ಅಮೆರಿಕದ ಪ್ರಾಣಿಗೆ ಕೊಲೆಸ್ಟ್ರಾಲ್ ತಿನ್ನಿಸಿ, ಜೊತೆಗೆ ಆಸ್ಪಿರಿನ್ ಕೊಟ್ಟು ನೋಡಿದರು. ಲೋಳೆ ಸುರಿಯುವುದು ತಗ್ಗಿತು, ಕಲ್ಲೂ ತಗ್ಗಿತು. 1984ರಲ್ಲಿ ಲೆವಿ, ಸ್ಮಿತ್, ಲಮಾಂಟ್ ಅವರು ಮನುಷ್ಯರ ಪಿತ್ತಕೋಶದ ಮ್ಯೂಸಿನ್ ತೆಗೆದು ಲ್ಯಾಬಿನಲ್ಲಿ ಮಾಡಿದ ಪಿತ್ತಕ್ಕೆ ಬೆರೆಸಿದರು. ಕೊಲೆಸ್ಟ್ರಾಲ್ ಹರಳುಗಟ್ಟುವುದು ಬೇಗವಾಯಿತು. ಉತ್ತರ ಭಾರತದಲ್ಲಿ ಕೊಲೆಸ್ಟ್ರಾಲ್ ಕಲ್ಲು ಜಾಸ್ತಿ, ನಮ್ಮ ಕಡೆ ಕಪ್ಪು ಪಿಗ್ಮೆಂಟ್ ಕಲ್ಲೂ ಸಾಕಷ್ಟು ಬರುತ್ತದೆ. ಮ್ಯೂಸಿನ್ ಬಿಲಿರುಬಿನ್ನನ್ನೂ ಕ್ಯಾಲ್ಸಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಎರಡೂ ಕಥೆಯಲ್ಲಿ ಅದಕ್ಕೆ ಪಾತ್ರ ಇದೆ.

ಸ್ಟೈನ್‌ಗಿಂತ ಮುಂಚೆ ಕತ್ತರಿ

ಒಂದು ಸಲ ಒಂದು ಆಪರೇಷನ್ ಥಿಯೇಟರಿನಿಂದ ಪಿತ್ತಕೋಶ ಬಂತು. ಬಿಚ್ಚಿರಲಿಲ್ಲ. ಮೊಸರಿನ ಡಬ್ಬದಷ್ಟು ಚಿಕ್ಕ ಡಬ್ಬ, ಅದರ ತಳದಲ್ಲಿ ಒಂದಿಷ್ಟು ಫಾರ್ಮಲಿನ್ (ಅಂಗಾಂಶ ಕೆಡದಂತೆ ಇಡುವ ದ್ರಾವಣ). ಶನಿವಾರ ಮಧ್ಯಾಹ್ನ ತೆಗೆದದ್ದು, ಸೋಮವಾರ ನಮ್ಮ ಕೈಗೆ ಬಂತು. ಕತ್ತರಿಸಿದರೆ ಒಳಗೆ ಹಸಿರು ಪಿತ್ತ ಹಾಗೇ ನಿಂತಿದೆ. ಸ್ಲೈಡಿನಲ್ಲಿ ಸ್ನಾಯು ಚೆನ್ನಾಗಿದೆ, ಒಳಪದರವೇ ಇಲ್ಲ. ಜೀವಕೋಶಗಳೆಲ್ಲ ಕಳಚಿ ಪಿತ್ತದಲ್ಲಿ ಕರಗಿಹೋಗಿದ್ದವು. ಆ ಬ್ಲಾಕಿಗೆ ಪಿಜಿ ಹುಡುಗ ಆಗಲೇ ನಾಲ್ಕು ಸ್ಪೆಷಲ್ ಸ್ಟೈನ್ ಬರೆದಿದ್ದ. ಯಾವುದಕ್ಕೆ ಹಾಕೋದು?

ಪಿತ್ತ ತನ್ನದೇ ಚೀಲವನ್ನು ಬೇಗ ಹಾಳು ಮಾಡುತ್ತದೆ. ಫಾರ್ಮಲಿನ್ ಹೊರಗಿನಿಂದ ಒಳಪದರ ತಲುಪುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ. ತಳದಿಂದ ಕುತ್ತಿಗೆವರೆಗೆ ಉದ್ದಕ್ಕೆ ಸೀಳಿ, ಪಿತ್ತ ಸುರಿದು, ಸಲೈನ್‌ನಲ್ಲಿ ಮೆಲ್ಲಗೆ ಅದ್ದಿ, ಧಾರಾಳವಾಗಿ ಫಾರ್ಮಲಿನ್ ಹಾಕಿ ಅಂತ ಓಟಿಯವರಿಗೆ ಹೇಳಿ. ನಲ್ಲಿ ಕೆಳಗೆ ಹಿಡಿದು ಉಜ್ಜುವುದು ಬೇಡ. ನಮಗೆ ಬೇಕಾದ ಲೋಳೆಯೇ ಹೋಗುತ್ತದೆ.

ಪಿಎಎಸ್: ಎಲ್ಲರಿಗೂ ಗೊತ್ತಿರುವ ಹಳೆಯ ನೆಂಟ

ಪಿಎಎಸ್ ಅಂದರೆ ಪೀರಿಯಾಡಿಕ್ ಆಸಿಡ್-ಶಿಫ್. ಮ್ಯೂಸಿನ್‌ಗೆ ಇದನ್ನು ಮೊದಲು ತೋರಿಸಿಕೊಟ್ಟವರು ಮ್ಯಾಕ್‌ಮ್ಯಾನಸ್, 1946ರಲ್ಲಿ. ಪೀರಿಯಾಡಿಕ್ ಆಮ್ಲ ಸಕ್ಕರೆಯ ಉಂಗುರವನ್ನು ಒಡೆದು ಆಲ್ಡಿಹೈಡ್ ಮಾಡುತ್ತದೆ. ಬಣ್ಣ ಕಳಕೊಂಡು ಕೂತಿದ್ದ ಶಿಫ್ ದ್ರಾವಣ ಆ ಆಲ್ಡಿಹೈಡ್ ಸಿಕ್ಕ ಕಡೆ ಮತ್ತೆ ಬಣ್ಣ ಪಡೆಯುತ್ತದೆ. ಸೀರೆ ಅಂಗಡಿಯವರು ರಾಣಿ ಕಲರ್ ಅನ್ನುತ್ತಾರಲ್ಲ, ಅದೇ.

ಅಗ್ಗ, ಒಂದೆರಡು ಗಂಟೆಯ ಕೆಲಸ, ಎಲ್ಲ ಲ್ಯಾಬಿನಲ್ಲೂ ಸಿಗುತ್ತದೆ. ನ್ಯೂಟ್ರಲ್ ಮ್ಯೂಸಿನ್‌ಗೆ ಇದನ್ನು ಬಿಟ್ಟರಿಲ್ಲ. ಆದರೆ ಸಲ್ಫೋಮ್ಯೂಸಿನ್‌ಗೆ ಇದರ ಕಣ್ಣು ಮಂದ. ಆರೋಗ್ಯವಂತ ಪಿತ್ತಕೋಶದ ಲೋಳೆಯಲ್ಲಿ ಸಲ್ಫೋಮ್ಯೂಸಿನ್ನೇ ಮುಖ್ಯ. ಹಾಗಾಗಿ ಪಿಎಎಸ್ ಒಂದನ್ನೇ ನೋಡಿ "ಲೋಳೆ ಕಡಿಮೆ" ಅಂತ ಬರೆದರೆ ತಪ್ಪಾಗಬಹುದು. ಇನ್ನೊಂದು ತೊಂದರೆ ಗ್ಲೈಕೋಜನ್. ಅದೂ ಇದೇ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಪಕ್ಕದಲ್ಲಿ ಡಯಾಸ್ಟೇಸ್ (ಗ್ಲೈಕೋಜನ್ ಕರಗಿಸುವ ಎಂಜೈಮ್) ಹಾಕಿದ ಇನ್ನೊಂದು ಸ್ಲೈಡ್ ಇರಬೇಕು. ಡಯಾಸ್ಟೇಸ್ ಮುಗಿದಿದ್ದರೆ ಹಳೆಯ ಟೆಕ್ನಿಷಿಯನ್‌ಗಳು ಸ್ಲೈಡಿನ ಮೇಲೆ ಎಂಜಲು ಹಾಕುತ್ತಿದ್ದರು. ಎಂಜಲಿನ ಅಮೈಲೇಸ್ ಅದೇ ಕೆಲಸ ಮಾಡುತ್ತದೆ. ಈಗ ಯಾರೂ ಒಪ್ಪಿಕೊಳ್ಳಲ್ಲ, ಆ ಮಾತು ಬೇರೆ.

ದೀರ್ಘಕಾಲದ ಉರಿಯೂತದ ಪಿತ್ತಕೋಶದಲ್ಲಿ ಮತ್ತೊಂದು ಮೋಸ ಇದೆ. ಗೋಡೆಯೊಳಗೆ ಸೀರಾಯ್ಡ್ ಎಂಬ ಕಂದು ಕೊಬ್ಬಿನ ಕಸವನ್ನು ನುಂಗಿದ ಮ್ಯಾಕ್ರೋಫೇಜ್ ಜೀವಕೋಶಗಳು ಗುಂಪಾಗಿ ಕೂತಿರುತ್ತವೆ. ಅವೂ ಪಿಎಎಸ್ ಹಿಡಿಯುತ್ತವೆ, ಡಯಾಸ್ಟೇಸ್ ಹಾಕಿದರೂ ಹೋಗಲ್ಲ. ಅದನ್ನು ನೋಡಿ ಗೋಡೆಯೊಳಗೆ ಲೋಳೆ ಜೀವಕೋಶ ಬಂದಿದೆ ಅಂತ ಗಾಬರಿಯಾದವರು ಇದ್ದಾರೆ. (ನಾನೂ ಒಬ್ಬಳು, ಮೊದಲ ವರ್ಷದಲ್ಲಿ.)

ಸ್ಟೈನ್ ಮಂಕಾಗಿ ಬಂದರೆ ಶಿಫ್ ಹಳತಾಗಿದೆಯಾ ನೋಡಿ. ಗಟ್ಟಿ ಫಾರ್ಮಲಿನ್ ಸ್ವಲ್ಪ ತೆಗೆದುಕೊಂಡು ನಾಲ್ಕು ಹನಿ ಶಿಫ್ ಬಿಡಿ. ತಟ್ಟನೆ ಕೆಂಪು ನೇರಳೆಗೆ ತಿರುಗಿದರೆ ಸರಿ. ನಿಧಾನವಾಗಿ ನೀಲಿ ನೇರಳೆಯಾದರೆ ಚೆಲ್ಲಿ ಹೊಸದು ಮಾಡಿ. ಸ್ಲೈಡಿನೊಳಗೇ ಒಂದು ಸಾಕ್ಷಿಯೂ ಇದೆ: ಬೇಸ್‌ಮೆಂಟ್ ಮೆಂಬ್ರೇನ್ (ಜೀವಕೋಶಗಳ ಸಾಲಿನ ಕೆಳಗಿನ ಪೊರೆ) ತೆಳು ಗುಲಾಬಿ ಗೆರೆಯಾಗಿ ಕಾಣಬೇಕು. ಅದೇ ಕಾಣದಿದ್ದರೆ ಲೋಳೆ ಕಾಣಲಿಲ್ಲ ಅಂತ ದೂರಬೇಡಿ.

ಆಲ್ಸಿಯನ್ ಬ್ಲೂ: ಒಂದೇ ಡೈ, ಎರಡು ಪಿಎಚ್

ಇದು ಮೂಲತಃ ಬಟ್ಟೆಗೆ ಹಾಕುವ ಬಣ್ಣ, ತಾಮ್ರ ಇರುವ ಡೈ. 1950ರಲ್ಲಿ ಸ್ಟೀಡ್‌ಮನ್ ಅದನ್ನು ಮ್ಯೂಸಿನ್‌ಗೆ ಬಳಸಿ ತೋರಿಸಿದರು. ಡೈಯ ಪಾಸಿಟಿವ್ ಚಾರ್ಜ್ ಹೋಗಿ ಆಮ್ಲದ ಸಕ್ಕರೆಯ ನೆಗೆಟಿವ್ ಚಾರ್ಜಿಗೆ ಅಂಟುತ್ತದೆ. ನವಿಲಿನ ಕೊರಳ ನೀಲಿ ಬರುತ್ತದೆ.

ಇದರ ಬುದ್ಧಿವಂತಿಕೆ ಇರುವುದು ಪಿಎಚ್‌ನಲ್ಲಿ. ಶೇ. 3ರ ಅಸಿಟಿಕ್ ಆಮ್ಲದಲ್ಲಿ ಕರಗಿಸಿದರೆ ಪಿಎಚ್ 2.5. ಆಗ ಸಯಾಲಿಕ್ ಆಮ್ಲದ ಕಾರ್ಬಾಕ್ಸಿಲ್ಲೂ ಸಲ್ಫೇಟೂ ಎರಡೂ ಚಾರ್ಜ್ ಇಟ್ಟುಕೊಂಡಿರುತ್ತವೆ, ಎರಡಕ್ಕೂ ಬಣ್ಣ. ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 1ಕ್ಕೆ ಇಳಿಸಿದರೆ ಕಾರ್ಬಾಕ್ಸಿಲ್ ಚಾರ್ಜ್ ಬಿಟ್ಟುಬಿಡುತ್ತದೆ. ಸಲ್ಫೇಟ್ ಮಾತ್ರ ಬಿಡಲ್ಲ. ಹಾಗಾಗಿ ಪಿಎಚ್ 1ರ ಸ್ಲೈಡಿನಲ್ಲಿ ನೀಲಿ ಕಂಡರೆ ಸಲ್ಫೋಮ್ಯೂಸಿನ್.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬಡವರ ಮನೆಯ ಹಿಸ್ಟೋಕೆಮಿಸ್ಟ್ರಿ ಆಯಿತು. ಖರ್ಚು ಏನೂ ಇಲ್ಲ. ಆದರೆ ಪಿಎಚ್ 1ರ ಸ್ಲೈಡನ್ನು ಸ್ಟೈನ್ ಆದ ಮೇಲೆ ನೀರಲ್ಲಿ ತೊಳೆಯಬೇಡಿ! ಬ್ಲಾಟಿಂಗ್ ಪೇಪರಿನಲ್ಲಿ ಒತ್ತಿ ಒಣಗಿಸಿ. ನೀರು ಬಿದ್ದ ಕೂಡಲೇ ಪಿಎಚ್ ಏರುತ್ತದೆ, ಉಳಿದಿದ್ದ ಡೈ ಹೋಗಿ ಸಯಲೋಮ್ಯೂಸಿನ್‌ಗೂ ಅಂಟುತ್ತದೆ. "ಎರಡೂ ಪಿಎಚ್‌ನಲ್ಲಿ ಒಂದೇ ಥರ ಬಂತು ಮೇಡಂ" ಅಂತ ತಂದು ತೋರಿಸುವ ಸ್ಲೈಡ್‌ಗಳಲ್ಲಿ ನನ್ನ ಮೊದಲ ಅನುಮಾನ ನಲ್ಲಿ ನೀರಿನ ಮೇಲೆಯೇ.

ಎರಡನ್ನೂ ಬೆರೆಸಿದರೆ: ನನ್ನ ಓಟು ಇದಕ್ಕೆ

ಆಲ್ಸಿಯನ್ ಬ್ಲೂ 2.5 ಮೊದಲು, ಅದರ ಮೇಲೆ ಪಿಎಎಸ್. ಆಮ್ಲದ ಮ್ಯೂಸಿನ್ ನೀಲಿ, ನ್ಯೂಟ್ರಲ್ ರಾಣಿ ಬಣ್ಣ, ಎರಡೂ ಬೆರೆತಿದ್ದರೆ ನೇರಳೆ. ಪಿತ್ತಕೋಶಕ್ಕೆ ಒಂದೇ ಒಂದು ಸ್ಪೆಷಲ್ ಸ್ಟೈನ್ ಅಂದರೆ ನಾನು ಇದನ್ನೇ ಬರೆಯುತ್ತೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ.

ಕಲ್ಲು ಕೂತು ಕೂತು ಹಳೆಯ ಉರಿಯೂತ ಆದ ಪಿತ್ತಕೋಶದಲ್ಲಿ ಒಳಪದರ ವೇಷ ಬದಲಿಸುತ್ತದೆ. ಇದಕ್ಕೇ ಮೆಟಾಪ್ಲೇಸಿಯಾ ಅನ್ನುವುದು. ಹೊಟ್ಟೆಯ (ಜಠರದ) ಕೊನೆಯ ಭಾಗದಲ್ಲಿರುವಂಥ ಗ್ರಂಥಿಗಳು ಇಲ್ಲಿ ಹುಟ್ಟುತ್ತವೆ. ಅದು ಪೈಲೋರಿಕ್ ಮೆಟಾಪ್ಲೇಸಿಯಾ, ತುಂಬ ಸಾಮಾನ್ಯ. ಕೆಲವೊಮ್ಮೆ ಗಾಬ್ಲೆಟ್ ಜೀವಕೋಶಗಳೂ ಬರುತ್ತವೆ. ಅದು ಇಂಟೆಸ್ಟಿನಲ್ ಮೆಟಾಪ್ಲೇಸಿಯಾ, ಅದನ್ನು ಕಂಡರೆ ಇನ್ನೆರಡು ಬ್ಲಾಕ್ ತೆಗೆದು ಡಿಸ್‌ಪ್ಲೇಸಿಯಾ (ಕ್ಯಾನ್ಸರಿಗೆ ಮುಂಚಿನ ಬದಲಾವಣೆ) ಹುಡುಕುವುದು ಒಳ್ಳೆಯದು. ಎಚ್ ಅಂಡ್ ಇ (ದಿನನಿತ್ಯದ ಮಾಮೂಲಿ ಸ್ಟೈನ್) ಸ್ಲೈಡಿನಲ್ಲಿ ಲೋಳೆ ಗ್ರಂಥಿಗಳೆಲ್ಲ ಒಂದೇ ಥರ ತೆಳ್ಳಗೆ, ಬಿಳಿಚಿಕೊಂಡು ಕಾಣುತ್ತವೆ. ಮೊದಲೇ ನೆನಪಿಡಿ ಅಂದೆನಲ್ಲ, ಕುತ್ತಿಗೆಯಲ್ಲಿ ಹುಟ್ಟಿನಿಂದಲೇ ಗ್ರಂಥಿ ಇರುತ್ತದೆ. ಬ್ಲಾಕ್ ಕುತ್ತಿಗೆಯದಾಗಿದ್ದರೆ ಮುಂದಿರುವುದು ಸಹಜ ಗ್ರಂಥಿಯೋ, ಮೆಟಾಪ್ಲೇಸಿಯಾವೋ?

ಆ ಸ್ಲೈಡಿಗೆ ಎಬಿ-ಪಿಎಎಸ್ (ಇದೇ ಆಲ್ಸಿಯನ್ ಬ್ಲೂ, ಪಿಎಎಸ್ ಜೋಡಿ) ಹಾಕಿ ನೋಡಿ. ಮೇಲ್ಪದರದ ಜೀವಕೋಶಗಳ ನೆತ್ತಿಯಲ್ಲಿ ಕಾಡಿಗೆ ತೀಡಿದಷ್ಟು ತೆಳುವಾಗಿ ನೀಲಿ ನೇರಳೆ ಗೆರೆ. ಕುತ್ತಿಗೆಯ ಸಹಜ ಗ್ರಂಥಿಯಲ್ಲಿ ಹೆಚ್ಚಾಗಿ ಆಮ್ಲದ ಮ್ಯೂಸಿನ್, ನೀಲಿಯ ಕಡೆಗೆ ವಾಲುತ್ತದೆ. ಪೈಲೋರಿಕ್ ಮೆಟಾಪ್ಲೇಸಿಯಾದ ಗ್ರಂಥಿ ನ್ಯೂಟ್ರಲ್, ರಾಣಿ ಬಣ್ಣ ಎದ್ದು ಕಾಣುತ್ತದೆ. ಗಾಬ್ಲೆಟ್ ಇದ್ದರೆ ಸಾಲಿನ ನಡುವೆ ಅಲ್ಲಲ್ಲಿ ದುಂಡಗೆ ನೀಲಿ ಮಣಿ. ಒಂದೇ ಸ್ಲೈಡಿನಲ್ಲಿ ಇಷ್ಟೂ ಉತ್ತರ.

ಇದರ ಸೋಲು ಎಲ್ಲಿ ಅಂದರೆ, ನೀಲಿಯೊಳಗೆ ಸಯಾಲಿಕ್ ಎಷ್ಟು, ಸಲ್ಫೇಟ್ ಎಷ್ಟು ಅಂತ ಹೇಳಲ್ಲ. ನೇರಳೆ ಬಣ್ಣವನ್ನು ಇಬ್ಬರು ಇಬ್ಬಗೆಯಾಗಿ ಓದುತ್ತಾರೆ. ಕ್ರಮ ತಿರುಗುಮುರುಗಾಗಬಾರದು: ಆಲ್ಸಿಯನ್ ಬ್ಲೂ ಮೊದಲು ಹಾಕಿದರೆ ಆಮ್ಲದ ಸಕ್ಕರೆಗಳು ಮೊದಲೇ ನೀಲಿ ಹಿಡಿದು ಕೂತಿರುತ್ತವೆ, ಪಿಎಎಸ್‌ಗೆ ಉಳಿಯುವುದು ನ್ಯೂಟ್ರಲ್.

ಸಯಲೋ, ಸಲ್ಫೋ ಬೇರ್ಪಡಿಸಲೇಬೇಕು ಅನ್ನುವವರಿಗೆ

ಹೈ ಐರನ್ ಡಯಮೀನ್. ಸ್ಪೈಸರ್ 1965ರಲ್ಲಿ ಕೊಟ್ಟದ್ದು. ಸಲ್ಫೋಮ್ಯೂಸಿನ್ ಕಂದುಗಪ್ಪು, ಅದರ ಮೇಲೆ ಆಲ್ಸಿಯನ್ ಬ್ಲೂ ಹಾಕಿದರೆ ಸಯಲೋಮ್ಯೂಸಿನ್ ನೀಲಿ. ಚಿತ್ರ ನೋಡಲು ಬಲು ಚೆಂದ. ಆದರೆ ಡಯಮೀನ್ ಲವಣಗಳು ವಿಷ, ರಾತ್ರಿಯಿಡೀ ದ್ರಾವಣದಲ್ಲಿ ಇಡಬೇಕು, ದ್ರಾವಣ ಪ್ರತಿ ಸಲ ಹೊಸದಾಗಿ ಮಾಡಬೇಕು. ಪಿತ್ತಕೋಶಕ್ಕೆ ಇನ್ನೊಂದು ವಿಶೇಷ ತೊಂದರೆ: ಪಿತ್ತದ ಕಂದು ಬಣ್ಣ ಅಲ್ಲಲ್ಲಿ ಅಂಟಿರುತ್ತದೆ. ಕಂದುಗಪ್ಪು ಸ್ಟೈನಿನಲ್ಲಿ ಅದೂ ಇದೂ ಒಂದೇ ಥರ. ಸ್ಟೈನ್ ಹಾಕದ ಒಂದು ಖಾಲಿ ಸೆಕ್ಷನ್ ಪಕ್ಕದಲ್ಲಿ ಇಟ್ಟುಕೊಂಡು ನೋಡಿದರೆ ಮೋಸ ಹೋಗಲ್ಲ.

ಆಲ್ಡಿಹೈಡ್ ಫುಕ್ಸಿನ್ ಮತ್ತು ಆಲ್ಸಿಯನ್ ಬ್ಲೂ ಜೋಡಿ ಸ್ವಲ್ಪ ಸೌಮ್ಯ. ಸ್ಪೈಸರ್ ಮತ್ತು ಮೇಯರ್, 1960. ಸಲ್ಫೋ ನೇರಳೆ, ಸಯಲೋ ನೀಲಿ. ದ್ರಾವಣ ಮಾಡಿ ಕೆಲವು ದಿನ ಹಣ್ಣಾಗಲು ಬಿಡಬೇಕು, ಉಪ್ಪಿನಕಾಯಿ ಥರ. ರಕ್ತನಾಳದ ಎಲಾಸ್ಟಿಕ್ ನಾರೂ ನೇರಳೆ ಹಿಡಿಯುವುದರಿಂದ ಸ್ಟೈನ್ ಕೆಲಸ ಮಾಡಿದೆಯಾ ಅಂತ ಅಲ್ಲೇ ಗೊತ್ತಾಗುತ್ತದೆ. ಎರಡರಲ್ಲಿ ಒಂದು ಅಂದರೆ ನಾನು ಇದನ್ನೇ ಆರಿಸುತ್ತೇನೆ, ಟೆಕ್ನಿಷಿಯನ್ನರ ಆರೋಗ್ಯವೂ ಒಂದು ಲೆಕ್ಕ ಅಲ್ವಾ?

ಸಯಾಲಿಕ್ ಆಮ್ಲವೇ ಅಂತ ಸಾಬೀತು ಮಾಡಬೇಕಿದ್ದರೆ ಸಯಾಲಿಡೇಸ್ ಎಂಜೈಮ್ ಹಾಕಿ, ಆಮೇಲೆ ಆಲ್ಸಿಯನ್ ಬ್ಲೂ 2.5. ನೀಲಿ ಹೋದರೆ ಅದು ಸಯಾಲಿಕ್. ಹೋಗದಿದ್ದರೆ ಸಲ್ಫೇಟ್ ಇರಬಹುದು, ಇಲ್ಲವೇ ಎಂಜೈಮಿಗೆ ಬಗ್ಗದ ಅಸಿಟೈಲ್ ಅಂಟಿದ ಸಯಾಲಿಕ್ ಇರಬಹುದು. ಅದಕ್ಕೆ ಮೊದಲು ಕ್ಷಾರ ಹಾಕಿ ಅಸಿಟೈಲ್ ತೆಗೆಯಬೇಕು.

ಮ್ಯೂಸಿಕಾರ್ಮಿನ್? ಕೊಚಿನೀಲ್ ಹುಳದ ಕೆಂಪು. ಪಿತ್ತಕೋಶದ ನೆತ್ತಿಯ ತೆಳು ಲೋಳೆಗೆ ಇದರ ಕಣ್ಣು ಸಾಲದು. ಕ್ಯಾನ್ಸರಿನಲ್ಲಿ ಮ್ಯೂಸಿನ್ ಇದೆಯಾ ಅಂತ ಒಂದು ಮಾತಿಗೆ ಸಾಕು, ಅಷ್ಟೆ.

ಲೆಕ್ಟಿನ್: ಹುರುಳಿ, ಕಡಲೆಕಾಯಿ, ಹಲಸಿನ ಬೀಜ

ಇದು ನನಗೆ ಇಷ್ಟದ ಜಾಗ. ಲೆಕ್ಟಿನ್ ಅಂದರೆ ಸಕ್ಕರೆಯನ್ನು ಗುರುತು ಹಿಡಿದು ಅಂಟುವ ಪ್ರೋಟೀನು. ಹೆಚ್ಚಿನವು ಬರುವುದು ಕಾಳುಬೀಜಗಳಿಂದ. ನಮ್ಮ ಅಡುಗೆಮನೆಯ ಹುರುಳಿಯ ಲೆಕ್ಟಿನ್ ತುದಿಯಲ್ಲಿರುವ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಹಿಡಿಯುತ್ತದೆ. ಬ್ಲಡ್ ಬ್ಯಾಂಕಿನವರು 'ಎ' ಗುಂಪಿನ ಒಳಜಾತಿಗಳಾದ ಎ1, ಎ2 ಬೇರೆ ಮಾಡಲು ಬಳಸುವುದೂ ಇದೇ ಹುರುಳಿಯ ಸಾರವನ್ನು. ಕಡಲೆಕಾಯಿಯದು ಗ್ಯಾಲಕ್ಟೋಸ್ ಮತ್ತು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಜೋಡಿಯನ್ನು ಹುಡುಕುತ್ತದೆ, ಆದರೆ ಮೇಲೆ ಸಯಾಲಿಕ್ ಕೂತಿದ್ದರೆ ಅದಕ್ಕೆ ಕಾಣಲ್ಲ. ಹಲಸಿನ ಬೀಜದ ಜಾಕಲಿನ್‌ಗೆ ಸಯಾಲಿಕ್ ಇದ್ದರೂ ಅದೇ ಜೋಡಿ ಕಾಣುತ್ತದೆ. ಗೋಧಿ ಮೊಳಕೆಯದು ಸಯಾಲಿಕ್ ಆಮ್ಲ ಮತ್ತು ಎನ್-ಅಸಿಟೈಲ್ ಗ್ಲುಕೋಸಮೈನ್ ಎರಡನ್ನೂ ಹಿಡಿಯುತ್ತದೆ.

ಕಡಲೆಕಾಯಿ ಲೆಕ್ಟಿನ್ನನ್ನು ಸಯಾಲಿಡೇಸ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಮಾಡಿದರೆ ಸಯಾಲಿಕ್ ಮುಚ್ಚಿಟ್ಟಿದ್ದು ಹೊರಗೆ ಬರುತ್ತದೆ. ಆಲ್ಸಿಯನ್ ಬ್ಲೂ "ಆಮ್ಲ ಇದೆ" ಅನ್ನುತ್ತದೆ. ಇದು ಆ ಆಮ್ಲ ಯಾವ ಸಕ್ಕರೆಯನ್ನು ಮುಚ್ಚಿ ಕೂತಿದೆ ಅಂತ ಹೇಳುತ್ತದೆ.

ಆದರೆ ಹುಷಾರು. ಲೋಳೆಯ ಸಕ್ಕರೆ ಸರದ ತುದಿಯಲ್ಲಿ ರಕ್ತದ ಗುಂಪಿನ ಸಕ್ಕರೆಗಳೂ ಇರುತ್ತವೆ. 'ಎ' ಗುಂಪಿನವರ ಪಿತ್ತಕೋಶದಲ್ಲಿ ಹುರುಳಿ ಚೆನ್ನಾಗಿ ಅಂಟಿ, 'ಓ' ಗುಂಪಿನವರಲ್ಲಿ ಅಂಟದಿದ್ದರೆ ಅದಕ್ಕೆ ರೋಗ ಕಾರಣವಲ್ಲ, ಗುಂಪು ಕಾರಣ. ರಕ್ತದ ಗುಂಪು ಬರೆದಿಟ್ಟುಕೊಳ್ಳದೆ ಲೆಕ್ಟಿನ್ ಥೀಸಿಸ್ ಶುರು ಮಾಡಬೇಡಿ. ಒಬ್ಬ ಹುಡುಗಿ ನಲವತ್ತು ಕೇಸ್ ಮುಗಿಸಿದ ಮೇಲೆ ಫೈಲ್ ರೂಮಿನಲ್ಲಿ ಧೂಳು ಕುಡಿದು ಗುಂಪು ಹುಡುಕಿದ್ದು ನನ್ನ ಕಣ್ಣಮುಂದಿದೆ. ಲೆಕ್ಟಿನ್ ಜೊತೆ ಅದರದೇ ಸಕ್ಕರೆ ಬೆರೆಸಿ ಅಂಟದಂತೆ ಮಾಡುವ ಕಂಟ್ರೋಲ್ ಸ್ಲೈಡ್ ಪ್ರತಿ ಬ್ಯಾಚಿಗೂ ಬೇಕು. ದಿನನಿತ್ಯದ ರಿಪೋರ್ಟಿಗೆ ಲೆಕ್ಟಿನ್ ಬೇಡ. ಸಂಶೋಧನೆಗೆ ಮಾತ್ರ.

ಆಂಟಿಬಾಡಿ: ಕಡ್ಡಿಯನ್ನು ಹುಡುಕುವವರು

ಇಮ್ಯೂನೋ (ಆಂಟಿಬಾಡಿ ಬಳಸುವ ಸ್ಟೈನ್) ಹಾಕಿದಾಗ ನೋಡುವುದು ಸಾಮಾನ್ಯವಾಗಿ ತೆನೆಯ ಕಡ್ಡಿಯನ್ನು, ಅಂದರೆ ಪ್ರೋಟೀನನ್ನು. ಸಹಜ ಪಿತ್ತಕೋಶದ ಲೋಳೆಯಲ್ಲಿ ಮಕ್5ಬಿ ಎಂಬ ಮ್ಯೂಸಿನ್ ದೊಡ್ಡ ಪಾಲು. ಮೇಲ್ಪದರ ಹೊಟ್ಟೆಯ ವೇಷ ಹಾಕಿದರೆ ಮಕ್5ಎಸಿ, ಪೈಲೋರಿಕ್ ಗ್ರಂಥಿಯಾದರೆ ಮಕ್6, ಗಾಬ್ಲೆಟ್ ಬಂದರೆ ಮಕ್2. ಈ ನಾಲ್ಕರ ಜೀನ್‌ಗಳೂ 11ನೇ ಕ್ರೋಮೋಸೋಮಿನ ಒಂದೇ ಮೂಲೆಯಲ್ಲಿ ಒತ್ತೊತ್ತಾಗಿವೆ, ವಠಾರದ ಮನೆಗಳ ಥರ.

ಅನುಕೂಲ ಏನೆಂದರೆ ಉತ್ತರ ಖಚಿತ. ಬಣ್ಣದ ಛಾಯೆ ನೋಡಿ ಊಹೆ ಮಾಡಬೇಕಿಲ್ಲ. ಅನನುಕೂಲ, ದುಬಾರಿ. ಸಿಟ್ರೇಟ್ ಬಫರಿನಲ್ಲಿ ಸ್ಲೈಡ್ ಮುಳುಗಿಸಿ ಪ್ರೆಷರ್ ಕುಕ್ಕರಿನಲ್ಲಿ ಕುದಿಸಬೇಕು. ಬೇರೆ ಬೇರೆ ದಿನದ ಬ್ಯಾಚ್‌ಗಳು ಬೇರೆ ಬೇರೆ ಥರ ಬಂದರೆ ಮೊದಲು ಕುಕ್ಕರಿನ ಗ್ಯಾಸ್ಕೆಟ್ ನೋಡಿ. ಇದು ತಮಾಷೆಗೆ ಹೇಳಿದ್ದಲ್ಲ. ಇನ್ನೊಂದು, ಕಾಳು ತುಂಬ ಒತ್ತಾಗಿದ್ದರೆ ಕಡ್ಡಿ ಆಂಟಿಬಾಡಿಗೆ ಸಿಗಲ್ಲ. ಜೀವಕೋಶದ ಲೋಳೆ ತುಂಬಿದ ಹೊಟ್ಟೆ ಖಾಲಿ ಕಂಡು, ನ್ಯೂಕ್ಲಿಯಸ್ ಪಕ್ಕ ಮಾತ್ರ ಕಂದು ಕಾಣಬಹುದು. ಅಲ್ಲಿ ಇನ್ನೂ ಸಕ್ಕರೆ ಪೂರ್ತಿ ಕೂತಿರುವುದಿಲ್ಲ. ಅದನ್ನು ನೆಗೆಟಿವ್ ಅಂತ ಬರೆಯಬೇಡಿ. ಪಕ್ಕದಲ್ಲಿ ಎಬಿ-ಪಿಎಎಸ್ ಸ್ಲೈಡ್ ಇದ್ದರೆ ಲೋಳೆ ಎಷ್ಟಿದೆ ಅಂತ ಅದೇ ಹೇಳುತ್ತದೆ.

ಹಾಗಾದರೆ ಯಾರಿಗೆ ಯಾವುದು

ಕಲ್ಲಿಗೆ ತೆಗೆದ ಮಾಮೂಲಿ ಪಿತ್ತಕೋಶ, ಎಚ್ ಅಂಡ್ ಇ ಸ್ಲೈಡಿನಲ್ಲಿ ಅನುಮಾನ ಏನೂ ಇಲ್ಲ: ಯಾವ ಸ್ಪೆಷಲ್ ಸ್ಟೈನೂ ಬೇಡ. ಸುಮ್ನೆ ಬಿಡಿ. ಮೆಟಾಪ್ಲೇಸಿಯಾ ಅನುಮಾನ: ಎಬಿ-ಪಿಎಎಸ್ ಒಂದು. ಗಾಬ್ಲೆಟ್ ಹೌದೋ ಅಲ್ಲವೋ ಅಂತ ಆಮೇಲೂ ಗೊಂದಲವಿದ್ದರೆ ಮಕ್2. ಡಿಸ್‌ಪ್ಲೇಸಿಯಾ, ಕ್ಯಾನ್ಸರ್ ಪಕ್ಕದ ಪದರ ಅಂತಾದರೆ ಮಕ್2, ಮಕ್5ಎಸಿ, ಮಕ್6 ಮೂರನ್ನೂ ಒಟ್ಟಿಗೆ ಹಾಕಿಸಿ. ಒಂದೊಂದೇ ಹಾಕಿಸುತ್ತ ಹೋದರೆ ಬ್ಲಾಕ್ ಮುಗಿಯುತ್ತದೆ.

ಥೀಸಿಸ್ ಮಾಡುವವರು, ಕಾಸು ಕಡಿಮೆ ಇದ್ದವರು ಪಿಎಎಸ್-ಡಯಾಸ್ಟೇಸ್, ಆಲ್ಸಿಯನ್ ಬ್ಲೂ ಎರಡು ಪಿಎಚ್, ಎಬಿ-ಪಿಎಎಸ್, ಆಲ್ಡಿಹೈಡ್ ಫುಕ್ಸಿನ್ ಇಷ್ಟರಲ್ಲೇ ಚೆನ್ನಾದ ಕೆಲಸ ಮಾಡಬಹುದು. ಕಾಸು ಇದ್ದವರು ಸಯಾಲಿಡೇಸ್, ಕಡಲೆಕಾಯಿ ಲೆಕ್ಟಿನ್ ಸೇರಿಸಿ. ಕಂಟ್ರೋಲಿಗೆ ದೊಡ್ಡ ಕರುಳು ಮತ್ತು ಹೊಟ್ಟೆಯ ಒಂದೊಂದು ಸೆಕ್ಷನ್ ಸಾಕು. ಕರುಳು ಆಮ್ಲಕ್ಕೆ, ಹೊಟ್ಟೆ ನ್ಯೂಟ್ರಲ್‌ಗೆ. ಪಿತ್ತದಲ್ಲೇ ಮ್ಯೂಸಿನ್ ಎಷ್ಟಿದೆ ಅಂತ ಅಳೆಯಬೇಕು ಅನ್ನುವವರಿಗೆ ಸ್ಲೈಡ್ ಉಪಯೋಗಕ್ಕೆ ಬರಲ್ಲ, ಬಯೋಕೆಮಿಸ್ಟ್ರಿಯವರ ಹತ್ತಿರ ಹೋಗಿ.

ಅಪರೂಪಕ್ಕೆ ನಾಳ ಪೂರ್ತಿ ಮುಚ್ಚಿಹೋಗಿ ಮ್ಯೂಕೋಸೀಲ್ ಆದ ಪಿತ್ತಕೋಶ ಬರುತ್ತದೆ. ಕತ್ತರಿಸಿದರೆ ಹಸಿರು ಪಿತ್ತದ ಸುಳಿವೇ ಇಲ್ಲ. ಬೆಂಡೆಕಾಯಿ ಹೆಚ್ಚಿದ ಚಾಕುವಿನಂತೆ ಸ್ಕಾಲ್ಪೆಲ್ಲಿಗೆ ಎಳೆ ಎಳೆ ಲೋಳೆ ಅಂಟಿಕೊಂಡು ಬರುತ್ತದೆ. ಪಿತ್ತದ ಬಣ್ಣವನ್ನೆಲ್ಲ ಗೋಡೆ ಹೀರಿಕೊಂಡಿರುತ್ತದೆ, ಉಳಿದಿರುವುದು ನಾವು ಇಷ್ಟು ಹೊತ್ತು ಮಾತಾಡಿದ ಸಾಮಾನೇ. ಅಂಥದ್ದು ಸಿಕ್ಕಿದ ದಿನ ಪಿಜಿಗಳನ್ನು ಕರೆದು ತೋರಿಸುತ್ತೇನೆ. ಆಮೇಲೆ ಕ್ಯಾಸೆಟ್ಟಿನ (ಅಂಗಾಂಶದ ತುಂಡು ಇಡುವ ಪುಟ್ಟ ಡಬ್ಬಿಯ) ಮೇಲೆ ಪೆನ್ಸಿಲ್ಲಿನಲ್ಲಿ ಬರೆಸುತ್ತೇನೆ: ತಳ, ನಡು, ಕುತ್ತಿಗೆ. ಯಾವ ಬ್ಲಾಕ್ ಎಲ್ಲಿಯದು ಅಂತ ಬರೆದಿರದಿದ್ದರೆ ನನ್ನ ಹತ್ತಿರ ಸ್ಟೈನ್ ಕೇಳಿಕೊಂಡು ಬರಬೇಡಿ.